ಕ್ಯಾಲಿಪರ್‌ಗೆ ಬಣ್ಣ ಹಚ್ಚೋದು (ಮನೆ ಮುಂದಿನ ಗ್ಯಾರೇಜ್, ಭಾಗ 5)

ನಿಮ್ಮ ಕಾರಿನ ಮುಂದಿನ ಚಕ್ರದ ಸಂದಿಯಲ್ಲಿ ಒಮ್ಮೆ ಇಣುಕಿ ನೋಡಿ. ಹೊಳೆಯುವ ತಟ್ಟೆ ಕಾಣ್ತದಲ್ಲ, ಅದು ಡಿಸ್ಕ್. ಅದನ್ನು ಬಾಯಲ್ಲಿ ಕಚ್ಚಿಕೊಂಡ ಹಾಗೆ ಕೂತಿರುವ ಕಬ್ಬಿಣದ ಗಡ್ಡೆ ಕ್ಯಾಲಿಪರ್. ನೀವು ನಮ್ಮ ಹಾಗೆ ಉಡುಪಿ, ಕುಂದಾಪುರ ಕಡೆಯವರಾದ್ರೆ ಅದರ ಬಣ್ಣ ಏನು ಅಂತ ಹೇಳಬೇಕಾಗಿಲ್ಲ. ತುಕ್ಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮೇಲಿಂದ ಎರಕದ ಕಬ್ಬಿಣ. ಬೇರೆ ಏನಾಗ್ಬೇಕು ಹೇಳಿ.

ನಮ್ಮ ಮನೆಯ 2014ರ ಸ್ವಿಫ್ಟ್‌ಗೆ ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದ್ದಷ್ಟು ದಿನ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲಾಯ್ ಹಾಕಿಸಿದ ಮೇಲೆ, ಹೊಸ ರೇಷ್ಮೆ ಸೀರೆ ಉಟ್ಟು ಹಳೇ ಹವಾಯಿ ಚಪ್ಪಲಿ ಹಾಕಿದ ಹಾಗೆ ಕಾಣೋಕೆ ಶುರುವಾಯ್ತು. ಹಾಗಾಗಿ ಡಿಸೆಂಬರ್‌ನ ಒಂದು ಶನಿವಾರ ಕೂತೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯಲ್ಲಿ ಪಸೆ ಇದ್ರೆ ಸ್ಪ್ರೇ ಪೇಂಟ್ ಮಂಕಾಗ್ತದೆ, ಸರಿಯಾಗಿ ಹಿಡಿಯೋದೂ ಇಲ್ಲ.

ಮೊದಲು ಬಣ್ಣದ ಮಾತು. ಎಲ್ಲರೂ ಕೆಂಪು ಅಂತಾರೆ. ಇಟಲಿಯ ಬ್ರೆಂಬೊ ಕಂಪನಿಯ ಕೆಂಪು ಕ್ಯಾಲಿಪರ್ ನೋಡಿ ನೋಡಿ ಆ ಬಣ್ಣಕ್ಕೇ ಒಂದು ಮರ್ಯಾದೆ ಬಂದುಬಿಟ್ಟಿದೆ. ಪೋರ್ಷೆಯಲ್ಲಿ ಹಳದಿ ಕ್ಯಾಲಿಪರ್ ಕಂಡ್ರೆ ಸಾಮಾನ್ಯವಾಗಿ ಒಳಗಿರೋದು ಸೆರಾಮಿಕ್ ಬ್ರೇಕ್. ಅಂದ್ರೆ ಅಲ್ಲಿ ಬಣ್ಣಕ್ಕೆ ಒಂದು ಅರ್ಥ ಉಂಟು. ನಮ್ಮ ಸ್ವಿಫ್ಟ್‌ಗೆ ಕೆಂಪು ಬಳಿದ್ರೆ ಅದು ನಿಲ್ಲೋ ದೂರ ಒಂದು ಇಂಚೂ ಕಮ್ಮಿ ಆಗೋದಿಲ್ಲ. ಅದರ ಮೇಲೆ ಬ್ರೆಂಬೊ ಅಂತ ಸ್ಟಿಕ್ಕರ್ ಬೇರೆ ಅಂಟಿಸ್ತಾರೆ ಕೆಲವರು. ಹಿಂದಿನ ಚಕ್ರದಲ್ಲಿ ನೋಡಿದ್ರೆ ಡ್ರಮ್ ಬ್ರೇಕ್! ನಾನು ಬೂದು ತಗೊಂಡೆ. ಅಪ್ಪ ಡಬ್ಬಿ ನೋಡಿ, "ಇದಕ್ಕೆ ದುಡ್ಡು ಬೇರೆ ಕೊಟ್ಯಾ, ಮೊದಲೇ ಹಾಗೇ ಇತ್ತಲ್ಲ" ಅಂದ್ರು.

ಡಬ್ಬಿ ಮಾತ್ರ ಸರಿಯಾದದ್ದೇ ಇರ್ಬೇಕು. ಗೇಟಿಗೆ ಹಚ್ಚೋ ಎನಾಮಲ್ ಇಲ್ಲಿ ಬೇಡ. ತೀರ್ಥಹಳ್ಳಿಯಲ್ಲಿ ಅಜ್ಜಿ ಮನೆ ನಮ್ಮದು. ವಾಪಸ್ ಬರುವಾಗ ಆಗುಂಬೆ ಘಾಟಿ ಇಳಿಯಬೇಕು, 14 ಹೇರ್‌ಪಿನ್ ತಿರುವು. ಎಷ್ಟೇ ಕೆಳಗಿನ ಗೇರ್‌ನಲ್ಲಿ ಇಳಿದ್ರೂ ಡಿಸ್ಕ್ ನೂರಾರು ಡಿಗ್ರಿ ಬಿಸಿಯಾಗ್ತದೆ. ಆ ಬಿಸಿ ಪಕ್ಕದ ಕ್ಯಾಲಿಪರ್‌ಗೂ ಹೋಗ್ತದೆ, ಸಾದಾ ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಆಗ್ತದೆ. ಡಬ್ಬಿ ಮೇಲೆ ಹೈ ಟೆಂಪರೇಚರ್ ಅಂತ ಬರೆದಿರ್ಬೇಕು, ಎಷ್ಟು ಡಿಗ್ರಿ ತಡೀತದೆ ಅನ್ನೋದೂ ಇರ್ಬೇಕು.

ಕಾರು ಎತ್ತುವಾಗ ಡಿಕ್ಕಿಯಲ್ಲಿರೋ ಜಾಕ್ ಒಂದನ್ನೇ ನಂಬಬೇಡಿ, ಅದು ಟಯರ್ ಬದಲಾಯಿಸೋ ಹತ್ತು ನಿಮಿಷಕ್ಕೆ ಮಾತ್ರ. ಜಾಕ್ ಸ್ಟ್ಯಾಂಡ್ ಬಾಡಿಗೆಗಾದ್ರೂ ತನ್ನಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್ ಬ್ರೇಕ್ ಎಳೀರಿ. ಮಾಸ್ಕ್ ಹಾಕಿ, ಬ್ರೇಕ್ ಧೂಳನ್ನು ಬಾಯಿಂದ ಊದಬೇಡಿ. ಹಳೇ ಪ್ಯಾಡ್‌ನಲ್ಲಿ ಏನಿರ್ತದೋ ನಿಮಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ.

ಈಗ 3ನೇ ಫೋಟೋ ನೋಡಿ. ಎಡಗಡೆ ಚಕ್ರ ಬಿಚ್ಚಿ ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ತಾ ಇದ್ದೆ. ಕ್ಯಾಲಿಪರ್ ಮೇಲ್ಭಾಗದಲ್ಲಿ ಒಂದು ಕಿಟಕಿ ಇರ್ತದೆ. ಮೊಬೈಲ್ ಟಾರ್ಚ್ ಹಾಕಿ ಅದರೊಳಗೆ ನೋಡಿದೆ. ಹೊರಗಿನ ಪ್ಯಾಡ್ ದಪ್ಪಗೆ ಆರಾಮಾಗಿ ಕೂತಿತ್ತು. ಒಳಗಿನದ್ದು ಹೆಚ್ಚುಕಮ್ಮಿ 2 ಮಿ.ಮೀ. ಹೊರಗಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಉಂಟು ಅಂತಲೇ ಕಾಣೋದು.

ಯಾಕೆ ಹೀಗೆ ಆಗ್ತದೆ ಅಂತ ಹೇಳ್ತೇನೆ, ಸ್ವಲ್ಪ ತಾಳ್ಮೆ ಇಟ್ಕೊಳ್ಳಿ. ಇಂಥಾ ಕಾರುಗಳಲ್ಲಿ ಪಿಸ್ಟನ್ ಇರೋದು ಒಳಬದಿಯಲ್ಲಿ ಒಂದೇ. ಬ್ರೇಕ್ ಒತ್ತಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ತಳ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ತರ್ತದೆ. ಹೀಗೆ ಎರಡೂ ಕಡೆಯಿಂದ ಹಿಡಿತ. ಪಿನ್‌ನ ಗ್ರೀಸ್ ಒಣಗಿ ತುಕ್ಕು ಹಿಡಿದ್ರೆ ಕ್ಯಾಲಿಪರ್ ಜಾರೋದಿಲ್ಲ. ಒಳಗಿನ ಪ್ಯಾಡ್ ಒಬ್ಬನೇ ದುಡಿದು ಸವೀತದೆ, ಹೊರಗಿನವ ಹಾಜರಿ ಹಾಕಿ ಸುಮ್ಮನೆ ಕೂತಿರ್ತಾನೆ. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಇದು ಬೇಗ ಅರ್ಥ ಆಗ್ತದೆ.

ಆ ಕಡೆಯ ಚಕ್ರಕ್ಕೆ ಹಿಡಿತ ಕಮ್ಮಿ ಆದ್ರೆ ಬ್ರೇಕ್ ಒತ್ತಿದಾಗ ಕಾರು ಇನ್ನೊಂದು ಕಡೆಗೆ ಎಳೀತದೆ. ನಮ್ಮದು ಎಡಗಡೆ ಸಿಕ್ಕಿಕೊಂಡದ್ದು, ಅಂದ್ರೆ ಎಳೆಯೋದು ಬಲಕ್ಕೆ. ಎದುರಿಂದ ಬಸ್ಸು ಬರೋ ಕಡೆಗೆ. ಅಮ್ಮ ಎಷ್ಟೋ ದಿನದಿಂದ ಹೇಳ್ತಾ ಇದ್ರು, "ಬ್ರೇಕ್ ಹಿಡಿದ್ರೆ ಒಂದು ನಮೂನೆ ಎಳೀತದೆ" ಅಂತ. ಅಪ್ಪ, "ಗಾಳಿ ಕಮ್ಮಿ ಇರ್ಬೇಕು" ಅಂತಿದ್ರು. ಘಾಟಿಯಲ್ಲಿ ಹೆಚ್ಚಾಗಿ ಓಡಿಸೋದು ಅಮ್ಮನೇ, ಅಪ್ಪನಿಗೆ ತಲೆ ಸುತ್ತು ಬರ್ತದೆ.

ಒಳಗೆ ಹೋಗಿ ಬಿಲ್ಲಿನ ಫೈಲ್ ತೆಗೆದೆ. ಹಿಂದಿನ ಸರ್ವೀಸ್‌ನ ಬಿಲ್ಲಿನಲ್ಲಿ ಸ್ಪಷ್ಟವಾಗಿ ಉಂಟು: ಬ್ರೇಕ್ ಕ್ಲೀನಿಂಗ್ ಮತ್ತು ಗ್ರೀಸಿಂಗ್, 650 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ಗ್ಯಾರೇಜ್ ಅಂತ ಕಮೆಂಟ್‌ನಲ್ಲಿ ಕೇಳಬೇಡಿ, ಹೇಳೋದಿಲ್ಲ. ಬಿಕಾಂನ ಆಡಿಟಿಂಗ್ ಪೇಪರ್‌ನಲ್ಲಿ ವೌಚಿಂಗ್ ಬೇರೆ, ವೆರಿಫಿಕೇಶನ್ ಬೇರೆ ಅಂತ ಐದು ಮಾರ್ಕಿಗೆ ಬರೀತೇವೆ. ಮೊದಲನೆಯದು ವೌಚರ್ ನೋಡೋದು, ಎರಡನೆಯದು ಆಸ್ತಿ ನಿಜವಾಗಿ ಉಂಟಾ, ಹೇಗುಂಟು ಅಂತ ನೋಡೋದು. ನಮ್ಮ ಮನೆಯಲ್ಲಿ ಇಷ್ಟು ವರ್ಷ ನಡೆದದ್ದು ವೌಚಿಂಗ್ ಮಾತ್ರ.

ಬಣ್ಣದ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಪಿನ್ ಬಿಚ್ಚೋದು ನನ್ನ ಕೆಲಸ ಅಲ್ಲ, ಯೂಟ್ಯೂಬ್ ನೋಡಿ ಮಾಡೋ ಧೈರ್ಯ ನೀವೂ ಮಾಡಬೇಡಿ. ಪರಿಚಯದ ಮೆಕ್ಯಾನಿಕ್ ಭಾನುವಾರ ಮನೆಗೇ ಬಂದ್ರು. ಎಡಗಡೆ ಕೆಳಗಿನ ಪಿನ್‌ನ ರಬ್ಬರ್ ಹರಿದು ನೀರು ಹೋಗಿತ್ತು. ಪಿನ್ ಹೊರಗೆ ಬರೋಕೇ ಅರ್ಧ ಗಂಟೆ. ಹೊಸ ಪಿನ್, ಹೊಸ ರಬ್ಬರ್, ಬ್ರೇಕ್‌ಗೇ ಅಂತ ಇರೋ ಗ್ರೀಸ್. ಪ್ಯಾಡ್ ಮಾತ್ರ ಎರಡೂ ಚಕ್ರಕ್ಕೆ ಹೊಸತು, ಯಾಕಂದ್ರೆ ಒಂದೇ ಬದಿಗೆ ಹಾಕಿದ್ರೆ ಮತ್ತೆ ಅದೇ ಎಳೆತ.

ಆಮೇಲೆ ಬಣ್ಣ. ಇದು ಸುಲಭ. ಬ್ರೇಕ್ ಕ್ಲೀನರ್ ಹೊಡೆದು ಜಿಡ್ಡು ತೆಗೀರಿ. ಡಿಸ್ಕ್, ಪ್ಯಾಡ್, ರಬ್ಬರ್, ಪಿನ್, ಬ್ಲೀಡ್ ನಿಪ್ಪಲ್, ಹೋಸ್ ಎಲ್ಲಕ್ಕೂ ಟೇಪು, ಪೇಪರ್ ಸುತ್ತಿ. ಪಿನ್ ಜಾರೋ ಜಾಗಕ್ಕೆ ಬಣ್ಣ ಹೋದ್ರೆ ಮತ್ತೆ ಮೊದಲಿನ ಕಥೆ. ತೆಳ್ಳಗೆ ಮೂರು ಕೋಟ್, ನಡುವೆ ಇಪ್ಪತ್ತು ನಿಮಿಷ. ದಪ್ಪಗೆ ಒಂದೇ ಸಲ ಹೊಡೆದ್ರೆ ಇಳಿದು ಬರ್ತದೆ. ಒಂದು ದಿನ ಒಣಗೋಕೆ ಬಿಡಿ. ಬ್ರೇಕ್ ಆಯಿಲ್ ಹತ್ತಿರ ತರಬೇಡಿ, ಡಾಟ್ 3, ಡಾಟ್ 4 ಎರಡೂ ಬಣ್ಣ ತಿನ್ತವೆ. ಪ್ಯಾಡ್ ಬದಲಾಯಿಸಿದ್ರೆ ಕಾರು ತೆಗೆಯೋ ಮೊದಲು ಪೆಡಲ್ ಗಟ್ಟಿಯಾಗೋವರೆಗೆ ನಾಲ್ಕೈದು ಸಲ ಒತ್ತಿ. ಇಲ್ಲದಿದ್ರೆ ಮೊದಲನೇ ಬ್ರೇಕ್‌ಗೆ ಪೆಡಲ್ ಸೀದಾ ಕೆಳಗೆ ಹೋಗ್ತದೆ, ಎದುರಿಗೆ ನಿಮ್ಮದೇ ಗೇಟು.

ಜನವರಿಯಲ್ಲಿ ಅಜ್ಜಿ ಮನೆಗೆ ಹೋಗಿ ಬಂದೆವು. ಇಳಿಯುವಾಗ ಅಮ್ಮನೇ ಓಡಿಸಿದ್ದು. ಸೋಮೇಶ್ವರದಲ್ಲಿ ಚಾ ಕುಡಿಯೋಕೆ ನಿಲ್ಲಿಸಿದಾಗ, "ಈಗ ಎಳೀತಾ ಇಲ್ಲ" ಅಂದ್ರು. ಅಪ್ಪ ಗಾಳಿಯ ಮಾತು ಎತ್ತಲಿಲ್ಲ.

ಬಣ್ಣ ಹೇಗುಂಟು ಅಂತ ಕೇಳೋರಿಗೆ ಕೊನೇ ಫೋಟೋ. ಬಲಗಡೆ ಎಲ್ಲೋ ಕಲ್ಲು ಬಡಿದು ಒಂದು ಚಿಟಿಕೆ ಎದ್ದಿದೆ, ಉಳಿದದ್ದು ಹಾಗೇ ಉಂಟು. ಹಿಂದಿನ ಡ್ರಮ್‌ಗೆ ಕಪ್ಪು ಹೊಡೆಯೋದು ಪರೀಕ್ಷೆ ಮುಗಿದ ಮೇಲೆ.