ಅಪ್ಪನ ಡೈರಿ ಚೀಟಿ, ನನ್ನ ಪೇಸ್ಲಿಪ್

ತುಂಬಾ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ವಿಷಯ ಇದು. ಸ್ವಲ್ಪ ನಾಚಿಕೆ ಆಗಿ ಮುಂದಕ್ಕೆ ಹಾಕ್ತಾ ಬಂದಿದ್ದೆ. ಇಂಜಿನಿಯರಿಂಗ್ ಓದಿ, ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕೋ ನನಗೆ ನನ್ನದೇ ಪೇಸ್ಲಿಪ್ ಓದೋಕೆ ಬರ್ತಿರಲಿಲ್ಲ. ಕಣ್ಣು ತೆರೆಸಿದ್ದು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಅಪ್ಪ.

2023ರ ಜೂನ್ ತಿಂಗಳು. ಒಂದು ಶನಿವಾರ ಕೊಳಾಲಕ್ಕೆ ಹೋಗಿದ್ದೆ. ಅಪ್ಪ ಜಗಲಿ ಮೇಲೆ ಕೂತು ಡೈರಿ ಲೆಕ್ಕ ನೋಡ್ತಿದ್ದ. ಎರಡು ಹಸು ನಮ್ಮವು. ಹಾಲು ಹಾಕಿದಾಗ ಬರೋ ಚೀಟಿಯಲ್ಲಿ ಲೀಟರು, ಫ್ಯಾಟು, ಎಸ್ಸೆನ್ನೆಫ್, ದರ ಎಲ್ಲ ಇರುತ್ತೆ. ಅವನ್ನ ಒಂದೂ ಬಿಸಾಕದೆ ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟು, ಬಟವಾಡೆ ಬ್ಯಾಂಕಿಗೆ ಬಿದ್ದ ದಿನ ತಾಳೆ ನೋಡ್ತಾನೆ. ಫೀಡ್ ಮೂಟೆಗೆ ಎಷ್ಟು ಹಿಡಿದರು, ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಯಾವ ತಿಂಗಳದ್ದು ಬಾಕಿ, ಎಲ್ಲ ಬಾಯಲ್ಲೇ ಇರುತ್ತೆ.

"ನಿಂಗೂ ಹಿಂಗೆ ಚೀಟಿ ಕೊಡ್ತಾರೇನ್ಲಾ?" ಅಂದ. ಮೊಬೈಲಲ್ಲಿ ತೆಗೆದು ತೋರಿಸಿದೆ. ಪಿ.ಎಫ್. 1,800 ಅಂತ ಇತ್ತು.

"ಹಿಡ್ಕಂಡಿದ್ದು ಸರಿ. ಹಿಡ್ಕಂಡಿದ್ದನ್ನ ಎಲ್ಲಿಗ್ ಕಟ್ಟವ್ರೆ? ಅದ್ಕೆ ಚೀಟಿ ಎಲ್ಲೈತೆ?"

ಉತ್ತರ ಇರಲಿಲ್ಲ.

ನಾನು ಆಗ ಕೆಲಸ ಮಾಡ್ತಿದ್ದಿದ್ದು ಒಂದು ದೊಡ್ಡ ಕಂಪನಿಯ ಆಫೀಸಿನಲ್ಲಿ. ಆದರೆ ಅವರ ನೌಕರ ಅಲ್ಲ. ನಡುವೆ ಒಂದು ಕಂಪನಿ ಇತ್ತು. ಅವರು ನಮ್ಮನ್ನ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ತಗೊಂಡು ಇಲ್ಲಿಗೆ ಕಳಿಸ್ತಾರೆ. ಇವರು ಅವರಿಗೆ ದುಡ್ಡು ಕೊಡ್ತಾರೆ, ಅವರು ಮುರಿದುಕೊಂಡು ನಮಗೆ ಕೊಡ್ತಾರೆ. ನಮ್ಮ ಕಡೆ ಮೇಸ್ತ್ರಿ ಕೂಲಿ ಹಂಚೋದೂ ಹೀಗೇ, ಇಲ್ಲಿ ಕುತ್ತಿಗೆಗೆ ಟ್ಯಾಗ್ ಹಾಕಿರ್ತಾರೆ ಅಷ್ಟೆ :)

ಅವತ್ತು ರಾತ್ರಿ ಕೂತು ಮೊದಲ ಸಲ ಲೆಕ್ಕ ಬಿಡಿಸಿದೆ. ಹೇಳಿದ್ದು ತಿಂಗಳಿಗೆ 45,000 ಸಿ.ಟಿ.ಸಿ. ಅದರಲ್ಲಿ ಬೇಸಿಕ್ 15,000. ನನ್ನ ಪಾಲಿನ ಪಿ.ಎಫ್. ಶೇ. 12, ಅಂದ್ರೆ 1,800. ಕಂಪನಿಯೂ ಅಷ್ಟೇ ಹಾಕಬೇಕು, ಆದರೆ ಆ 1,800 ಕೂಡ ನನ್ನ 45,000ದ ಒಳಗೇ ಇತ್ತು! ಜೊತೆಗೆ ಪಿ.ಎಫ್. ಆಡಳಿತ ವೆಚ್ಚ, ವಿಮೆ ಅಂತ 150. ಮೆಡಿಕಲ್ ಇನ್ಶೂರೆನ್ಸಿಗೆ 400. ಎಲ್ಲಕ್ಕಿಂತ ತಮಾಷೆ ಗ್ರಾಚ್ಯುಟಿ, 722. ಅದು ಸಿಗಬೇಕಾದರೆ ಆಗ ಐದು ವರ್ಷ ಕೆಲಸ ಮಾಡಿರಬೇಕಿತ್ತು. ನನ್ನ ಕಾಂಟ್ರ್ಯಾಕ್ಟು ಹನ್ನೊಂದೇ ತಿಂಗಳು. ಅಂದ್ರೆ ನನಗೆ ಯಾವತ್ತೂ ಬರದ ದುಡ್ಡು ನನ್ನ ಸಂಬಳ ಅಂತ ಬರೆದುಕೊಂಡು ಕೂತಿತ್ತು. (2025ರ ನವೆಂಬರ್ 21ಕ್ಕೆ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅವಧಿ ಗೊತ್ತುಮಾಡಿದ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಉಂಟು. ಹನ್ನೊಂದು ತಿಂಗಳಿನವರು ಆಗಲೂ ಹೊರಗೇ!) ಇಷ್ಟೆಲ್ಲ ಹೋಗಿ ಉಳಿದದ್ದು 41,928. ನನ್ನ ಪಿ.ಎಫ್., ವೃತ್ತಿ ತೆರಿಗೆ 200 ಕಳೆದರೆ ಕೈಗೆ 39,928.

ಇದು ಬೇಜಾರಾದರೂ ಲೆಕ್ಕ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಬೇರೆ ಕಡೆ. ಯು.ಎ.ಎನ್. ಹಾಕಿ ಇ.ಪಿ.ಎಫ್.ಒ. ಪಾಸ್‌ಬುಕ್ ತೆಗೆದೆ. ಅಲ್ಲಿ ಮೂರು ಕಾಲಂ: ನೌಕರನ ಪಾಲು, ಮಾಲೀಕರ ಪಾಲು, ಪೆನ್ಷನ್. ನನ್ನ ಲೆಕ್ಕದಲ್ಲಿ ತಿಂಗಳಿಗೆ 1,800, 550, 1,250 ಬೀಳಬೇಕಿತ್ತು. ಕಂಪನಿಯ 1,800ರಲ್ಲಿ 1,250 ಪೆನ್ಷನ್ನಿಗೆ ಹೋಗುತ್ತೆ. ಒಂದು ತಿಂಗಳದ್ದನ್ನ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಾನು ಸೇರಿದ್ದು ಜನವರಿ. ಹಳೇ ಕಂಪನಿಯ ಸಾಲುಗಳ ಕೆಳಗೆ ಏನೂ ಇಲ್ಲ. ಐದು ತಿಂಗಳು ಹಿಡಿದಿದ್ದಾರೆ, ಒಂದು ಪೈಸೆ ಕಟ್ಟಿಲ್ಲ. ನನ್ನ ಕೈಯಿಂದಲೇ 9,000, ಅವರ ಪಾಲು ಬೇರೆ.

ಆಗಲೇ ಅಮ್ಮನ ಆಪರೇಷನ್ನಿಗೆ ತುಮಕೂರಿನಲ್ಲಿ ದಿನ ಕೊಟ್ಟಿದ್ದರು. ಪಿ.ಎಫ್. ಅಡ್ವಾನ್ಸ್ ತೆಗೀತೀನಿ ಅಂತ ದೊಡ್ಡದಾಗಿ ಹೇಳಿದ್ದೆ. ಕೊನೆಗೆ ಬಂದದ್ದು ಅಪ್ಪನ ಬಟವಾಡೆ ದುಡ್ಡೇ. ಅವನು ಏನೂ ಅನ್ನಲಿಲ್ಲ, ಅದೇ ಕಷ್ಟ.

ನಡುವಿನ ಕಂಪನಿಗೆ ಫೋನ್ ಮಾಡಿದರೆ "ಟೆಕ್ನಿಕಲ್ ಇಶ್ಯೂ ಸರ್" ಅಂದರು. ಎರಡು ಮೇಲ್‌ಗೆ ಉತ್ತರವೇ ಇಲ್ಲ. ಆಮೇಲೆ ಪೇಸ್ಲಿಪ್, ಖಾಲಿ ಪಾಸ್‌ಬುಕ್ ಎರಡನ್ನೂ ಲಗತ್ತಿಸಿ ಇ.ಪಿ.ಎಫ್.ಒ. ದೂರು ವಿಭಾಗಕ್ಕೆ ಹಾಕಿದೆ. ನಾವು ಕೂರುತ್ತಿದ್ದ ದೊಡ್ಡ ಕಂಪನಿಗೂ ಮೇಲ್ ಮಾಡಿದೆ, ಯಾಕಂದ್ರೆ ಕಾಂಟ್ರ್ಯಾಕ್ಟರ್ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕರ ಮೇಲೂ ಬರುತ್ತಿತ್ತು. ಕೆಲಸ ಮಾಡಿದ್ದು ಈ ಎರಡನೇ ಮೇಲೇ ಇರಬೇಕು ಅಂತ ನನ್ನ ಅನುಮಾನ. ಮೂರು ವಾರದಲ್ಲಿ ನಾಲ್ಕು ತಿಂಗಳದ್ದು ಬಂತು. ಮೇ ತಿಂಗಳದ್ದು ಆಗಸ್ಟಿನಲ್ಲಿ.

ಇದನ್ನ ಕ್ಯಾಂಟೀನಿನಲ್ಲಿ ಹೇಳ್ತಾ ಇದ್ದಾಗ ನಮ್ಮ ಫ್ಲೋರಿನ ಹೌಸ್‌ಕೀಪಿಂಗ್ ಅಕ್ಕ ಕೇಳಿಸಿಕೊಂಡಿದ್ದರು. ಮಧುಗಿರಿ ಕಡೆಯವರು. ಮಾರನೇ ದಿನ ನಾಲ್ಕು ಮಡಿಕೆ ಮಾಡಿದ ಪೇಸ್ಲಿಪ್ ತಂದು, "ಇದನ್ನೂ ಒಂಚೂರು ನೋಡು ಕಣಪ್ಪ" ಅಂದರು. ಸಂಬಳ 16,000. ಇ.ಎಸ್.ಐ. ಶೇ. 0.75, 120 ರೂಪಾಯಿ, ಸರಿ ಇತ್ತು. ಅದರ ಕೆಳಗೆ ವೃತ್ತಿ ತೆರಿಗೆ 200! ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳಕ್ಕೆ ಅದು ಇಲ್ಲ. ಅವರ ಏಜೆನ್ಸಿಯವರು ಜೂನ್ ತಿಂಗಳವರೆಗೂ ಹಿಡಿದಿದ್ದರು. ಆ ಏಜೆನ್ಸಿಯಿಂದ ಬಂದವರು ಆ ಬಿಲ್ಡಿಂಗಿನಲ್ಲಿ ಅವರೊಬ್ಬರೇ ಅಲ್ಲ.

ಒಂದು ಅರ್ಜಿ ಕನ್ನಡದಲ್ಲೇ ಬರೆದುಕೊಟ್ಟೆ, ಎಂಟು ಜನ ಸಹಿ ಹಾಕಿದರು. ಮುಂದಿನ ಸಂಬಳದಲ್ಲಿ 600 ವಾಪಸ್ ಬಂತು. ಅಕ್ಕ ಊರಿಂದ ಬರುವಾಗ ಒಂದು ಕವರ್ ತುಂಬಾ ಹುಣಸೇಹಣ್ಣು ತಂದುಕೊಟ್ಟರು.

ಈಗ ಬೇರೆ ಕಡೆ ಇದ್ದೀನಿ, ಕಾಂಟ್ರ್ಯಾಕ್ಟೇ. ಪ್ರತಿ ತಿಂಗಳು 20ನೇ ತಾರೀಖು ಪಾಸ್‌ಬುಕ್ ತೆಗೆದು ಪೇಸ್ಲಿಪ್ ಪಕ್ಕ ಇಟ್ಟು ನೋಡ್ತೀನಿ. ಊರಿಗೆ ಫೋನ್ ಮಾಡಿದಾಗ ಅಪ್ಪ ಊಟ ಆಯ್ತಾ ಅಂತ ಕೇಳೋದಕ್ಕೂ ಮೊದಲು ಕೇಳ್ತಾನೆ, "ಈ ತಿಂಗ್ಳು ಕಟ್ಟವ್ರೇನ್ಲಾ?"