ಬಾಕಿ 56 ಎಲ್ಲಿ ಹೋಯಿತು?

ನಮ್ಮದು ಜತ್ತದಲ್ಲಿ ಭುಸಾರ ಅಂಗಡಿ. ಸಜ್ಜೆ, ಜೋಳ, ತೊಗರಿಬೇಳೆ, ಬೆಲ್ಲ. ಮ್ಯಾಟ್ರಿಕ್ ಪಾಸಾದ ವರ್ಷವೇ ತಂದೆಯವರು ನಮ್ಮನ್ನು ಗಾದಿಯ ಮೇಲೆ ಕೂರಿಸಿದರು. ಅಂದಿನಿಂದ ನಾವು ಬರೆದದ್ದೆಂದರೆ ಕಿರ್ದಿ ಮತ್ತು ಖಾತೆ ಮಾತ್ರ, ಲೇಖನ ಬರೆದವರಲ್ಲ. ಆದರೆ ಕಳೆದ ಚಾತುರ್ಮಾಸದಲ್ಲಿ ಬಸದಿಯ ಕಟ್ಟೆಯ ಮೇಲೆ ಕುಳಿತಿದ್ದ ಎಂಟು ಜನರಲ್ಲಿ ಐವರ ಜೇಬಿನಿಂದ ಸಕ್ಕರೆ ಕಾಯಿಲೆಯ ಗುಳಿಗೆ ಹೊರಬಂತು. ಅದನ್ನು ಕಂಡು, ನಮ್ಮ ಅನುಭವ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಬರೆಯಲು ಕುಳಿತಿದ್ದೇವೆ. ತಪ್ಪಿದ್ದರೆ ವಾಚಕರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ಕಾಯಿಲೆ ನಮ್ಮ ಮನೆಗೆ ಹೊಸದಲ್ಲ. ತಂದೆಯವರಿಗೂ ಇತ್ತು. ಆಗ ರಕ್ತ ನೋಡುವ ಯಂತ್ರ ಮನೆಗೆ ಎಲ್ಲಿಂದ ಬರಬೇಕು? ದವಾಖಾನೆಯ ಕಂಪೌಂಡರು ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟ್ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ನೀಲಿಯಾಗಿಯೇ ಉಳಿದರೆ ಕ್ಷೇಮ. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ತಂದೆಯವರದು ಯಾವಾಗಲೂ ಇಟ್ಟಿಗೆಯ ಬಣ್ಣವೇ. ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕೆಂದು ಡಾಕ್ಟರರು ಹೇಳಿದರು. ಆ ಕಾಲದಲ್ಲಿ ಅದು ದನದ, ಹಂದಿಯ ಗ್ರಂಥಿಯಿಂದ ತೆಗೆಯುವ ವಸ್ತು. ತಂದೆಯವರು ಕೈ ಮುಗಿದು ಬೇಡವೆಂದರು. ಕಾಲಿನ ಹುಣ್ಣು ಮಾಯಲಿಲ್ಲ, 1981ರಲ್ಲಿ ತೀರಿಕೊಂಡರು. ಮರುವರ್ಷ, 1982ರಲ್ಲಿ, ಅಣುಜೀವಿಗಳಿಂದ ತಯಾರಿಸಿದ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಔಷಧದ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಅಂಥದೇ. ಅಣುಜೀವಿಯೂ ಜೀವವಲ್ಲವೇ ಎಂದು ಕೇಳುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಆ ವಾದಕ್ಕೆ ಇಲ್ಲಿ ಇಳಿಯುವುದಿಲ್ಲ.

ನಮಗೆ ಕಾಯಿಲೆ ಗೊತ್ತಾದದ್ದು 2011ರಲ್ಲಿ. ಮೂರು ತಿಂಗಳಿಗೊಮ್ಮೆ ಮಿರಜಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆವು. ಹೋಗುವ ಮೊದಲು ನಾಲ್ಕು ದಿನ ಸಕ್ಕರೆಯಿಲ್ಲದ ಚಹಾ, ಒಂದೇ ರೊಟ್ಟಿ, ಬೆಳಿಗ್ಗೆ ಸಂಜೆ ನಡಿಗೆ. ರಕ್ತ ಕೊಟ್ಟು ತಿರುಗಿ ಬರುವಾಗ ಬಸ್ ನಿಲ್ದಾಣದಲ್ಲಿ ಪೇಢೆ! ಸೇಲ್ಸ್ ಟ್ಯಾಕ್ಸ್ ಸಾಹೇಬರು ಬರುತ್ತಾರೆಂದು ಸುಳಿವು ಸಿಕ್ಕಾಗ ಕೆಲವರು ಪುಸ್ತಕ ಒಪ್ಪ ಮಾಡುತ್ತಿದ್ದರಲ್ಲ, ಹಾಗೆ. ಅಂಗಡಿಯಲ್ಲಿ ನಾವು ಎಂದೂ ಹಾಗೆ ಮಾಡಿದವರಲ್ಲ. ಮೈಯ ಲೆಕ್ಕದಲ್ಲಿ ಮಾಡಿದೆವು.

2022ರ ದೀಪಾವಳಿಗೆ ಪುಣೆಯಿಂದ ಬಂದ ಮಗ ಒಂದು ಪುಟ್ಟ ಯಂತ್ರ ತಂದ. ಬೆರಳಿನ ತುದಿಯ ಪಕ್ಕಕ್ಕೆ ಸೂಜಿ ಮುಟ್ಟಿಸಬೇಕು, ನಡುವೆ ಚುಚ್ಚಿದರೆ ನೋವು ಹೆಚ್ಚು. ಒಂದು ಹನಿ ರಕ್ತ ಪಟ್ಟಿಗೆ ತಾಗಿಸಿದರೆ ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಇಷ್ಟು ಹಿಂದಿನ ಯಂತ್ರಗಳಲ್ಲೂ ಇತ್ತು. ಇದರ ವಿಶೇಷವೆಂದರೆ ಬ್ಲೂಟೂತಿನ ಮೂಲಕ ಆ ಅಂಕಿ ತಾನಾಗಿಯೇ ಮೊಬೈಲಿಗೆ ಹೋಗಿ, ಅಲ್ಲಿನ ಆ್ಯಪಿನಲ್ಲಿ ತಾರೀಖು, ವೇಳೆ ಸಮೇತ ಜಮೆಯಾಗುತ್ತದೆ. ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ನಾವು ಒತ್ತಿ ತಿಳಿಸಬೇಕು. 70ಕ್ಕಿಂತ ಇಳಿದರೆ ಕೆಂಪು, 180 ಮೀರಿದರೆ ಹಳದಿ, ನಡುವೆ ಇದ್ದರೆ ಹಸಿರು ಎಂದು ಮಗ ಹೊಂದಿಸಿಕೊಟ್ಟ. ತನ್ನ ಮೊಬೈಲಿನಲ್ಲೂ ಅದೇ ಖಾತೆ ತೆರೆದುಕೊಂಡ. ಸಂಬಳವಿಲ್ಲದ ಮುನೀಮ ಸಿಕ್ಕನೆಂದು ಮೊದಲು ಸಂತೋಷಪಟ್ಟೆವು.

ಎರಡನೆಯ ವಾರ ಅಂಗಡಿಯಲ್ಲೇ ನೋಡಿಕೊಂಡಾಗ 286 ಬಂತು. ಎದೆ ಧಸಕ್ಕೆಂದಿತು. ಮನೆಯವರು ಅಲ್ಲೇ ಇದ್ದರು. "ಈಗಷ್ಟ ಬೆಲ್ಲದ ಪೆಂಟಿ ಮುಟ್ಟೀರಿ, ಕೈ ತೊಳಕೊಂಡ ನೋಡ್ರಿ" ಎಂದರು. ತೊಳೆದು, ಒರೆಸಿ ನೋಡಿದರೆ 164. ಬೆರಳಿಗೆ ಹತ್ತಿದ ಬೆಲ್ಲವನ್ನೂ ಯಂತ್ರ ರಕ್ತದ ಸಕ್ಕರೆಯೆಂದೇ ಲೆಕ್ಕ ಹಿಡಿಯುತ್ತದೆ. ಕಿರಾಣಿ, ಮಿಠಾಯಿ ವ್ಯಾಪಾರದ ಬಂಧುಗಳು ಇದನ್ನು ಮರೆಯಬಾರದು. ಇನ್ನೊಮ್ಮೆ ಬೆನ್ನು ಬೆನ್ನಿಗೆ ಎರಡು ಸಲ ನೋಡಿದಾಗ 148 ಮತ್ತು 161 ಬಂತು. ನಮ್ಮ ತಕ್ಕಡಿ ಹೀಗೆ ತೂಗಿದರೆ ತೂಕ-ಅಳತೆಯವರು ಮುದ್ರೆ ಒತ್ತಿಯಾರೇ ಎಂದು ಡಾಕ್ಟರರನ್ನು ಕೇಳಿದೆವು. ಅವರು ನಕ್ಕು, ಈ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡದಲ್ಲೇ 100ರ ಮೇಲಿನ ಅಂಕಿಗೆ ನೂರಕ್ಕೆ 15ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂದರು. ಒಂದು ಅಂಕಿಗೆ ಹೆದರಬೇಡಿ, ಸಾಲು ನೋಡಿ ಎಂದರು.

ಸಾಲು ನೋಡುವವನು ಪುಣೆಯಲ್ಲಿ ಬೇರೆಯೇ ಇದ್ದನಲ್ಲ! ಯಾರದೋ ಮನೆಯ ಶಾಂತಿ, ಯಾರದೋ ಸೀಮಂತ, ಎರಡು ಹೂರಣದ ಹೋಳಿಗೆ. ಸಂಜೆ ಅಂಕಿ 240. ರಾತ್ರಿ ಫೋನು: "ಅಪ್ಪಾ, ಇವತ್ತ ಏನ ತಿಂದ್ರಿ?" ನಾವು ಮಗನ ಲೆಕ್ಕ ಕೇಳಿದವರು, ಮಗನಿಗೆ ಲೆಕ್ಕ ಒಪ್ಪಿಸುವ ಕಾಲ ಬಂದದ್ದು ಮನಸ್ಸಿಗೆ ಸರಿಬರಲಿಲ್ಲ. ಅವನ ತಪ್ಪಲ್ಲ, ನಮ್ಮ ಸ್ವಭಾವ ಹಾಗೆ. ಒಂದು ಉಪಾಯ ಹೂಡಿದೆವು. ಹೋಳಿಗೆ ತಿಂದ ದಿನ ಬೆರಳು ಚುಚ್ಚಲೇ ಇಲ್ಲ. ಪಟ್ಟಿಗೆ ದುಡ್ಡು ಬೀಳುತ್ತದೆ, ಸುಮ್ಮನೆ ಯಾಕೆ ಎಂದು ಮನೆಯವರಿಗೆ ಹೇಳಿದೆವು. ಹಗುರಾಗಿ ಉಂಡ ದಿನ ಮಾತ್ರ ಎರಡೆರಡು ಸಲ ಚುಚ್ಚಿದೆವು. ತೆರೆಯ ಮೇಲೆ ಹಸಿರೋ ಹಸಿರು. ಬಂದ ಬೀಗರಿಗೆಲ್ಲ ತೋರಿಸಿದೆವು.

2023ರ ಜುಲೈಯಲ್ಲಿ ಮಿರಜಿನ ಡಾಕ್ಟರರು ಎಚ್‌ಬಿಎ1ಸಿ ಮಾಡಿಸಿದರು. ಇದು ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಅಂದಾಜು ಕೊಡುವ ಪರೀಕ್ಷೆ. ನಾಲ್ಕು ದಿನದ ಪಥ್ಯಕ್ಕೆ ಅದು ಮರುಳಾಗುವುದಿಲ್ಲ. ಬಂದದ್ದು 8.4. ಡಾಕ್ಟರರು ಮೊಬೈಲು ಇಸಿದುಕೊಂಡು ನೋಡಿದರು. ಆ್ಯಪಿನ ಮೂರು ತಿಂಗಳ ಸರಾಸರಿ 138. ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ನಮ್ಮ ಮುಂದೆ ಸರಿಸಿದರು: 8.4 ಬರಬೇಕಾದರೆ ಸರಾಸರಿ ಸುಮಾರು 194 ಇರಬೇಕು. "ಸೇಠಜೀ, ನೀವು ವ್ಯಾಪಾರಸ್ಥರು. ಬಾಕಿ 56 ಎಲ್ಲಿ ಹೋಯಿತು, ನೀವೇ ಹೇಳಿ" ಎಂದರು. ಆಮೇಲೆ ಆ್ಯಪಿನ ಪಂಚಾಂಗದ ಹಾಳೆ ತೆರೆದು, ಏನೂ ಬರೆಯದ ದಿನಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಪ್ರತಿಯೊಂದು ದಿನ ಯಾರ ಮನೆಯ ಪಂಕ್ತಿಯಲ್ಲಿ ಕುಳಿತಿದ್ದೆವೆಂಬುದು ನಮಗೆ ನೆನಪಿತ್ತು. ಪಕ್ಕದಲ್ಲಿ ಮನೆಯವರು ಕೂತಿದ್ದರು. ಅವರು ನಮ್ಮ ಮುಖ ನೋಡಲಿಲ್ಲ, ಸೆರಗು ಸರಿಮಾಡಿಕೊಂಡರು. ರೋಜಮೇಳದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಹನ್ನೊಂದರವರೆಗೆ ದೀಪ ಆರಿಸದ ನಮಗೆ ಆ ಹೊತ್ತು ಹೇಗಾಗಿರಬೇಕು!

ಡಾಕ್ಟರರು ಗುಳಿಗೆ ಏರಿಸಿದರು. ಅಂದಿನಿಂದ ಸಿಹಿ ತಿಂದರೂ ಸರಿ, ಬಿಟ್ಟರೂ ಸರಿ, ದಿನಕ್ಕೆರಡು ಸಲ ನೋಡುವುದೆಂದು ನೇಮ ಮಾಡಿಕೊಂಡೆವು. ಆದರೆ ಒಂದು ಸಂಗತಿ ಅವರಿಗೆ ಹೇಳಿರಲಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವಕ್ಕೆ ಹತ್ತು ದಿನ ಏಕಭುಕ್ತ ಮಾಡುವುದು ನಮ್ಮ ಹಳೆಯ ಪದ್ಧತಿ. ಧರ್ಮದ ವಿಷಯ ಡಾಕ್ಟರರ ಮುಂದೆ ಯಾಕೆ ಎಂಬ ಭಾವನೆ. ಮಧ್ಯಾಹ್ನ ಒಂದೇ ಊಟ. ರಾತ್ರಿಯ ಊಟಕ್ಕೆ ಮೊದಲು ನುಂಗಬೇಕಾದ ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ಸೂರ್ಯಾಸ್ತದೊಳಗೆ ಕಾಯಿಸಿ ಆರಿಸಿದ ನೀರಿನಲ್ಲಿ ನುಂಗಿ ಮಲಗಿದೆವು. ಅದರಲ್ಲಿ ಮೆಟ್‌ಫಾರ್ಮಿನ್ನಿನ ಜೊತೆಗೆ ಗ್ಲಿಮೆಪಿರೈಡ್ ಇತ್ತು. ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಗ್ಲಿಮೆಪಿರೈಡ್ ಶರೀರದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಇದು ನಮಗೆ ತಿಳಿದದ್ದು ಆಮೇಲೆ.

ನಾಲ್ಕನೆಯ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಅಂಗಿ ತೊಯ್ದು ತೊಪ್ಪೆಯಾಗಿತ್ತು. ಕೈ ನಡುಗಿ, ಮನೆಯವರ ಹೆಸರು ನಾಲಿಗೆಗೆ ಬರಲಿಲ್ಲ. ತಾಮ್ರದ ತಂಬಿಗೆ ಉರುಳಿದ ಸದ್ದಿಗೆ ಅವರು ಎದ್ದರು. ಅವರೇ ಬೆರಳು ಚುಚ್ಚಿ ನೋಡಿದರು. 52, ಕೆಂಪು. ಮೂರು ಚಮಚ ಸಕ್ಕರೆ ಕಲಸಿದ ನೀರು ತಂದು ತುಟಿಗೆ ಹಿಡಿದರು. ನಾವು ಬಾಯಿ ಬಿಗಿಹಿಡಿದೆವು. ಇಪ್ಪತ್ತೆಂಟು ವರ್ಷದ ರಾತ್ರಿಭೋಜನ ತ್ಯಾಗ. "ಪಾಪ ನನ್ನ ತಲೀ ಮ್ಯಾಲ ಇರಲಿ, ಕುಡೀರಿ. ಮಾವನೋರ ಹಂಗ ನನ್ನ ಬಿಟ್ಟ ಹೋಗಬ್ಯಾಡ್ರಿ" ಎಂದರು. ತಂದೆಯವರ ಹೆಸರೆತ್ತಿದ ಮೇಲೆ ಬಾಯಿ ತಾನಾಗಿ ತೆರೆಯಿತು. ಹದಿನೈದು ನಿಮಿಷಕ್ಕೆ 67. ಮತ್ತೊಂದು ಲೋಟ. 96. ಮನೆಯವರು ಮೀಟರನ್ನು ಉಡಿಯಲ್ಲಿಟ್ಟುಕೊಂಡು ಬೆಳಗಾಗುವವರೆಗೆ ಕುಳಿತೇ ಇದ್ದರು. (ಸಕ್ಕರೆ ಇಳಿದಾಗ ಜೇನು ಕೊಡಬಹುದೆಂದು ಹೇಳುವವರಿದ್ದಾರೆ. ಅದು ನಮಗೆ ವರ್ಜ್ಯ. ಸಕ್ಕರೆಯ ನೀರೇ ಸಾಕಾಗುತ್ತದೆ.)

ಇದನ್ನು ಮುಚ್ಚಿಡೋಣವೆಂದುಕೊಂಡಿದ್ದೆವು. ಬೆಳಿಗ್ಗೆ ಆರೂವರೆಗೆ ಫೋನು ಬಂತು. "ಅಪ್ಪಾ, ರಾತ್ರಿ ಎರಡಕ್ಕ ಐವತ್ತೆರಡ ಯಾಕ ಬಂತ್ರಿ?" ಅವನ ದನಿ ನಡುಗುತ್ತಿತ್ತು. ಈ ಸಲ ಸಿಟ್ಟು ಬರಲಿಲ್ಲ.

ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮಹಾರಾಜರ ಬಳಿಗೆ ಹೋಗಿ ಪ್ರಾಯಶ್ಚಿತ್ತ ಕೇಳಿದೆವು. ಕಾರಣವೆಲ್ಲ ಕೇಳಿ, ಒಂದು ಜಪ ಹೇಳಿಕೊಟ್ಟರು. ಆಮೇಲೆ, ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿಗೆ ತಕ್ಕಂತೆ' ಎಂಬ ಮಾತು ಸೇರಿರುವುದನ್ನು ನೆನಪಿಸಿ, "ನಿಮ್ಮ ಶಕ್ತಿ ಎಷ್ಟೆಂದು ತಿಳಿಯುವ ಸಾಧನ ಮನೆಯಲ್ಲೇ ಇದೆಯಂತಲ್ಲ" ಎಂದರು. ನಾವು ತಲೆ ತಗ್ಗಿಸಿದೆವು. ಆ ಭಾವನೆಗಳ ಹೆಸರು ಬಾಯಿಪಾಠವಿದ್ದವರೇ ನಾವು.

2024ರಲ್ಲಿ ಪರ್ವಕ್ಕೆ ಒಂದು ತಿಂಗಳ ಮೊದಲೇ ಮಿರಜಿಗೆ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆವು. ಡಾಕ್ಟರರು ಬಯ್ಯುತ್ತಾರೆಂದಿದ್ದೆವು, ಅವರು ಕಾಗದ ತೆಗೆದುಕೊಂಡು ಪರ್ವದ ದಿನಗಳನ್ನು ಬರೆದುಕೊಂಡರು. ಏಕಭುಕ್ತ ಮೊದಲನೆಯ ದಿನ ಮತ್ತು ಅನಂತ ಚತುರ್ದಶಿ, ಎರಡೇ ದಿನ. ಉಳಿದ ದಿನ ಸೂರ್ಯಾಸ್ತದೊಳಗೆ ಎರಡು ಊಟ. ಏಕಭುಕ್ತದ ದಿನ ಸಂಜೆಯ ಗುಳಿಗೆ ಇಲ್ಲ. ದಿನಕ್ಕೆ ನಾಲ್ಕು ಸಲ ನೋಡುವುದು. 70ಕ್ಕಿಂತ ಇಳಿದರೆ ಯಾವ ಹೊತ್ತಾದರೂ ಸಕ್ಕರೆ. ಇದು ನಮ್ಮ ಶರೀರ, ನಮ್ಮ ಗುಳಿಗೆ ನೋಡಿ ಹಾಕಿಕೊಟ್ಟ ಲೆಕ್ಕ. ಓದಿದವರು ಇದನ್ನೇ ಹಿಡಿದು ನಡೆಯಬಾರದು, ತಮ್ಮ ತಮ್ಮ ಡಾಕ್ಟರರನ್ನು ಕೇಳಬೇಕು. ಎಚ್‌ಬಿಎ1ಸಿ ಆ ವೇಳೆಗೆ 7.3ಕ್ಕೆ ಬಂದಿತ್ತು. ಆ್ಯಪಿನ ಸರಾಸರಿಯೂ ಅದಕ್ಕೆ ಹೆಚ್ಚುಕಡಿಮೆ ತಾಳೆಯಾಯಿತು.

ಅನಂತ ಚತುರ್ದಶಿಯ ದಿನ ಬಸದಿಯಿಂದ ಬಂದು ನಾಲ್ಕೂವರೆಗೆ ನೋಡಿದೆವು. 66. ಮೈಯಲ್ಲಿ ಏನೂ ಅನಿಸಿರಲಿಲ್ಲ. ಮನೆಯವರು ಮಾತಾಡಲಿಲ್ಲ, ಲೋಟ ತಂದು ಮುಂದಿಟ್ಟು ಒಳಗೆ ಹೋದರು. ಅಂಗಳದಲ್ಲಿ ಬಿಸಿಲು ಇನ್ನೂ ಇತ್ತು. ಮೊಬೈಲು ಬಾರಿಸಿತು.

"ಅಪ್ಪಾ, ಕುಡದ್ರಿ?"

"ಕುಡದೇವಿ" ಎಂದೆವು, ಖಾಲಿ ಲೋಟ ಕೆಳಗಿಟ್ಟು.