ಭೀಮಾತೀರದ ಚಿಲುಮೆ

ಆಳಂದದಿಂದ ಹೊರಟು ಅಫಜಲಪುರವನ್ನು ಕಂಡು, ಭೀಮೆಯನ್ನು ದಾಟಿ ಜೇವರ್ಗಿಯನ್ನು ಸೇರುವ ಪ್ರವಾಸಿಯು ಲಾಡ್ಲೆ ಮಶಾಯಕರ ದರ್ಗೆಯನ್ನೂ, ಅಮರಜಾ-ಭೀಮೆಯರ ಸಂಗಮದಲ್ಲಿರುವ ಗಾಣಗಾಪುರದ ದತ್ತಕ್ಷೇತ್ರವನ್ನೂ, ಷಣ್ಮುಖ ಶಿವಯೋಗಿಗಳ ಮಠವನ್ನೂ ನೋಡದೆ ಹಿಂದಿರುಗನು. ನಾನೂ ನೋಡಿದೆನು. ಆದರೆ ವಾಚಕರೊಡನೆ ಇಂದು ಮಾತನಾಡಬೇಕೆಂದಿರುವುದು ಆಳಂದದ ಸಂತೆಯಲ್ಲಿ ಮಡಕೆಗಳ ನಡುವೆ ಬಿದ್ದಿದ್ದ ಗೇಣುದ್ದದ ಮಣ್ಣಿನ ಚಿಲುಮೆಯನ್ನು ಕುರಿತು.

ಅದರ ಆಕಾರವು ದತ್ತೂರದ ಹೂವಿನಂತೆ. ಮೇಲೆ ಅಗಲ, ಕೆಳಗೆ ಕಿರಿದು. ತಂಬಾಕು ಜಾರದಂತೆ ಒಳಗೊಂದು ಹರಳು. ಬಾಯಿ ಸುಡದಂತೆ ಬುಡಕ್ಕೆ ಒದ್ದೆಯ ಅರಿವೆ. “ಯಾರ್ ಕೇಳ್ತಾರ್ರಿ ಈಗ ಇದನ್ನ? ಬೈರಾಗಿಗೋಳು ಬಂದ್ರ ಒಂದೆರಡು ಹೋಗ್ತಾವ” ಎಂದನು ಕುಂಬಾರನು.

ತಂಬಾಕು ನಮ್ಮ ದೇಶದ್ದಲ್ಲ, ಧೂಮಪಾನವಾದರೋ ಹಳೆಯದು. ಚರಕಸಂಹಿತೆಯು ಔಷಧಧೂಮಕ್ಕಾಗಿ ‘ಧೂಮನೇತ್ರ’ವೆಂಬ ನಳಿಗೆಯನ್ನು ಹೇಳಿ, ಪ್ರಯೋಜನಕ್ಕೆ ತಕ್ಕಂತೆ 24, 32, 36 ಅಂಗುಲಗಳ ಉದ್ದವನ್ನು ವಿಧಿಸಿರುವುದು. ದೂರದಿಂದ ಬಂದ ಹೊಗೆಯು ಇಂದ್ರಿಯಗಳನ್ನು ಬಾಧಿಸದೆಂಬುದು ಅದರ ಯುಕ್ತಿ. ಗೇಣುದ್ದದ ಚಿಲುಮೆಗೆ ಆ ದಾಕ್ಷಿಣ್ಯವೂ ಇಲ್ಲ!

ಕ್ರಿ. ಶ. 1604ರ ಸುಮಾರಿಗೆ ಅಕ್ಬರನ ದೂತನಾದ ಅಸದ್ ಬೇಗನು ತಂಬಾಕನ್ನು ಮೊದಲು ಕಂಡದ್ದು ಈ ಸೀಮೆಯ ನೆರೆಯ ವಿಜಾಪುರದಲ್ಲಿ. ಆದಿಲಶಾಹನು ಕೊಟ್ಟ ಎಲೆಯಡಿಕೆಯ ಚೀಲದಲ್ಲಿಯೇ ಅದನ್ನು ತುಂಬಿ, ರತ್ನಖಚಿತವಾದ ನಳಿಗೆಯೊಡನೆ ಆಗ್ರೆಗೆ ಒಯ್ದನು. ರಾಜವೈದ್ಯನು ಬೇಡವೆಂದರೂ ಚಕ್ರವರ್ತಿಯು ಕೆಲವು ಸಲ ಸೇದಿದನು. ಅವನ ಮಗ ಜಹಾಂಗೀರನು 1617ರಲ್ಲಿ ನಿಷೇಧವನ್ನು ಹೊರಡಿಸಿದನು, ಜನರು ಬಿಟ್ಟರೇ? ಬೀದರಿನ ಕುಶಲಿಗಳು ಸತುವು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ಬಳ್ಳಿಗಳನ್ನು ಕೂರಿಸಿ ಹುಕ್ಕದ ಬುಡಗಳನ್ನು ಮಾಡಿದರು. 17ನೆಯ ಶತಮಾನದವು ಗುಂಡಗಿನ ತಂಬಿಗೆಯಂತೆ, ಉರುಳದಿರಲು ಕೆಳಗೊಂದು ಬಳೆ ಬೇಕು. ಮುಂದಿನ ಶತಮಾನದಲ್ಲಿ ಗಂಟೆಯ ಆಕಾರವು ಬಂದು ಬಳೆಯು ಬೇಡವಾಯಿತು. ಆ ಕುಸುರಿಯನ್ನು ನಾನು ಮನಸಾರೆ ಮೆಚ್ಚುವೆನು, ಹೊಗೆಯನ್ನಲ್ಲ. 2024ರಲ್ಲಿ ಕರ್ನಾಟಕ ಸರಕಾರವು ಹುಕ್ಕವನ್ನು ನಿಷೇಧಿಸಿತು.

ಜೇವರ್ಗಿಯ ಸಮೀಪದ ಹಳ್ಳಿಯಲ್ಲಿ ಒಬ್ಬ ಮುದುಕರು ತಂಬಾಕನ್ನು ಕಾಪಾಡುವ ಬಗೆಯನ್ನು ವಿವರಿಸಿದರು. ಎರೆಯ ನಾಡಿನ ಬೇಸಗೆಯಲ್ಲಿ ಎಲೆಯು ಒಣಗಿ ಪುಡಿಯಾಗುವುದು, ಗಂಟಲನ್ನು ಸುಡುವುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು. ಅಂದಂದಿನದು ಸಂಚಿಯಲ್ಲಿ, ಉಳಿದುದು ಬಾಯಿ ಕಟ್ಟಿದ ಗಡಿಗೆಯಲ್ಲಿ, ಒಲೆಯಿಂದ ದೂರದ ಮೂಲೆಯಲ್ಲಿ. ಬೆಲ್ಲ ಕೂಡಿಸಿ ಕುಟ್ಟಿದ ಗುಡಾಕು ಹೆಚ್ಚು ದಿನ ಹಸಿಯಾಗಿರುವುದು.

“ನೀವು ಈಗಲೂ ಸೇದುವಿರಾ?” ಎಂದೆನು.

“ಇಲ್ರಿ. ಮೊಮ್ಮಗಗ ಉಬ್ಬಸ ಅದ. ಸೊಸಿ ಒಂದ್ ದಿನ ಬಾಯಿಬಿಟ್ಟು ಕೇಳಿದಳು, ‘ಮಾವಾ, ಕೂಸು ಬೇಕೋ, ಚಿಲುಮಿ ಬೇಕೋ’ ಅಂತ.”

ಸೊಸೆಯು ಒಳಗಿನಿಂದ ಗಡಿಗೆಯನ್ನು ತಂದು ತೋರಿಸಿದಳು. ಅದರಲ್ಲಿ ಮುಂದಿನ ಬಿತ್ತನೆಗೆಂದು ಬೂದಿ ಬೆರಸಿಟ್ಟ ಬದನೆಯ ಬೀಜಗಳಿದ್ದವು. ಹಳೆಯ ಘಾಟು ಇನ್ನೂ ಹೋಗಿರಲಿಲ್ಲ. “ಹುಳ ಹತ್ತಂಗಿಲ್ರಿ” ಎಂದು ನಕ್ಕಳು.